ಹತ್ತು ನಿಮಿಷದ ಹಿತ

ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದ ನನ್ನ ಅಕ್ಕನ ಗಂಡನ ಶ್ವಾಸಕೋಶದಲ್ಲಿ ಧೂಳು ಕೂತಿದ್ದಕ್ಕೆ "ಮಾಸ್ಕ್ ಬಳಕೆಯಲ್ಲಿ ಕಾರ್ಮಿಕನ ನಿರ್ಲಕ್ಷ್ಯವೇ ಕಾರಣ" ಎಂದು ತಾವು ವರದಿ ಬರೆದಿದ್ದೀರಿ. ಹಿತಕರವೂ ಬಳಸಲು ಸುಲಭವೂ ಆದ ಮಾಸ್ಕನ್ನು ಕೈಗೇ ಕೊಟ್ಟರೂ ಗದ್ದಕ್ಕೆ ಇಳಿಸಿಕೊಂಡು ಓಡಾಡುವವನಿಗೆ ಯಾರು ತಾನೇ ಏನು ಮಾಡಿಯಾರು? ಆದರೆ ಅದು ಹಿತಕರ ಎಂದು ತಮಗೆ ಹೇಳಿದವರು ಯಾರು? ನಾನು, ಆ ಕಾರ್ಖಾನೆಯ ಮೇಲ್ವಿಚಾರಕ.

ಮಾಸ್ಕನ್ನು ಒಪ್ಪುವ ಮೊದಲು ನಡೆಸಿದ ಆ ಪರೀಕ್ಷೆ ತಮಗೆ ನೆನಪಿರಬಹುದು. ತಮ್ಮ ಕಚೇರಿಯ ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಎದುರಿಗೆ ಚಹಾ. ಹತ್ತು ನಿಮಿಷ ಮಾಸ್ಕ್ ಹಾಕಿಕೊಂಡು ಕುಳಿತೆ. ಮಾತಾಡಲಿಲ್ಲ, ಬಗ್ಗಲಿಲ್ಲ, ಬೆವರಲಿಲ್ಲ. ಅಷ್ಟಕ್ಕೇ ಕಿವಿಯ ಹಿಂದೆ ಪಟ್ಟಿ ಕೊರೆಯತೊಡಗಿತ್ತು, ಕನ್ನಡಕ ಮಂಜಾಗಿತ್ತು. ಆದರೂ ಚಹಾ ಆರುತ್ತಿದೆಯಲ್ಲ ಎಂದು ಎಲ್ಲ ಕಾಲಂಗೂ 'ಉತ್ತಮ' ಎಂದು ಗುರುತು ಹಾಕಿ ಸಹಿ ಮಾಡಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಕಲ್ಲು ಕೊಯ್ಯುವುದು ಕೂಗಿ ಮಾಡುವ ಕೆಲಸ ಸ್ವಾಮಿ. ಬ್ಲೇಡಿನ ಆ ಬದಿಯಲ್ಲಿ ಕಲ್ಲು ಹಿಡಿದವನಿಗೆ "ತಡಿ" ಎಂದದ್ದು ಕೇಳಿಸದಿದ್ದರೆ ಅವನ ಬೆರಳು ಹೋಗುತ್ತದೆ. ಆ ಮಾಸ್ಕಿನೊಳಗಿಂದ ಕೂಗಿದರೆ ಬಾವಿಯೊಳಗೆ ಗೊಣಗಿದ ಹಾಗೆ. ಹಾಗಾಗಿ ಭಾವ ಪ್ರತಿ ಕೂಗಿಗೂ ಅದನ್ನು ಕೆಳಗೆಳೆಯುತ್ತಿದ್ದರು. ದಿನಕ್ಕೆ ನೂರು ಸಲ ಎಳೆದ ಮೇಲೆ ಅದು ಗದ್ದದಲ್ಲೇ ಉಳಿಯಿತು. ತನ್ನ ಉಸಿರೋ, ಇನ್ನೊಬ್ಬನ ಬೆರಳೋ? ತಮ್ಮ ಫಾರಂನಲ್ಲಿ ಇದಕ್ಕೊಂದು ಕಾಲಂ ಇತ್ತೇ? ನನಗಂತೂ ಎಲ್ಲ ಗೊತ್ತಿತ್ತು. ಗೊತ್ತಿದ್ದೇ, ತಮ್ಮ ಜೀಪು ಗೇಟಿಗೆ ಬಂದೊಡನೆ ಕಬ್ಬಿಣದ ಪೈಪಿಗೆ ಎರಡು ಏಟು ಬಡಿಯುತ್ತಿದ್ದೆ. ಏಟು ಕೇಳಿದರೆ ಮಾಸ್ಕ್ ಮೂಗಿಗೆ, ತಾವು ಹೊರಟರೆ ಗದ್ದಕ್ಕೆ. ತಾವೂ ಕಾಲು ಗಂಟೆ ಮೀರಿ ನಿಲ್ಲದೆ ಉಪಕಾರ ಮಾಡುತ್ತಿದ್ದಿರಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಇರಬೇಕು.

ಈಗ ಭಾವ ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಾರೆ. ತಮ್ಮ ವರದಿಯ ಮಾತನ್ನು ಅಕ್ಕ ಎತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಕಳೆದ ವಾರ ಸಹಿಯ ವಿಷಯ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಉಸಿರು ಕೂಡಿಸಿಕೊಂಡು ಹೇಳಿದರು: "ಬೇಜಾರು ಮಾಡ್ಕೋಬೇಡಪ್ಪ. ನೀನು ಒಳ್ಳೇದನ್ನೇ ಕೊಟ್ಟಿದ್ದೆ. ನಾನೇ ಸರಿಯಾಗಿ ಹಾಕ್ಕೊಳ್ಳಲಿಲ್ಲ."

ನಾನು ಹೌದೆಂಬಂತೆ ತಲೆಯಾಡಿಸಿ ಎದ್ದು ಬಂದೆ.

ಅವರೆದುರು ಆಡಲಾಗದ್ದನ್ನು ಊರೆಲ್ಲ ಓದುವ ಹಾಗೆ ಈ ಬಹಿರಂಗ ಪತ್ರದಲ್ಲಿ ಬರೆದಿದ್ದೇನೆ. ಮುಂದಿನ ಮಾಸ್ಕ್ ಒಪ್ಪುವ ಮೊದಲು ತಾವು ಅದನ್ನು ತೊಟ್ಟು ಬ್ಲೇಡಿನ ಮುಂದೆ ಒಂದು ಪಾಳಿ ಪೂರ್ತಿ ನಿಂತು ಕೂಗಬೇಕು. ಅದಕ್ಕೂ ಮುಂಚೆ ವರದಿಯಲ್ಲಿರುವ ನಿರ್ಲಕ್ಷ್ಯ ಭಾವನದಲ್ಲ, ನನ್ನದು ಎಂದು ತಿದ್ದಿ ಬರೆಯಿರಿ. ತಮ್ಮದನ್ನು ಸೇರಿಸುವುದು ತಮಗೆ ಬಿಟ್ಟಿದ್ದು. ಬೇಗ ಬರೆಯಿರಿ. ತಪ್ಪು ತನ್ನದೇ ಎಂದುಕೊಂಡು ಆ ಮನುಷ್ಯ ಸಾಯಬಾರದು.

ಇಂತಿ,
ಭಾವನ ಕ್ಷಮೆಗೆ ತಲೆಯಾಡಿಸಿ ಬಂದವನು