ಮೇಡಂ, ಬರ್ಕೊಂಡ್ರಾ?

ಮಾರ್ಚ್ 19, 2007, ಸೋಮವಾರ

ಮತ್ತೆ ಫೋನು, ಫೋನು, ಫೋನು. ಕಾಫಿ ಕುಡಿಯಲೂ ಬಿಡಲಿಲ್ಲ. ಇರಾಕಿನಿಂದ ಸೈನ್ಯ ವಾಪಸ್ ಕರೆಸಲು ಗಡುವು ಹಾಕುವ ಮಸೂದೆ ಈ ವಾರ ಓಟಿಗೆ ಬರುತ್ತದೆ. ನಮ್ಮ ಸಂಸದ ವಿಟ್‌ಲಾಕ್ ಸಾಹೇಬರು ಯಾವ ಕಡೆ ಅಂತ ಎಲ್ಲರಿಗೂ ಈಗಲೇ ಗೊತ್ತಾಗಬೇಕು. ಡೆಮಾಕ್ರಟ್ ಕಡೆಯವರು ಚೀಟಿ ನೋಡಿಕೊಂಡು ಓದುತ್ತಾರೆ. ಹತ್ತು ಜನ, ಒಂದೇ ವಾಕ್ಯ, ಉಸಿರು ತೆಗೆದುಕೊಳ್ಳುವುದೂ ಒಂದೇ ಕಡೆ. ನಮ್ಮ ರಿಪಬ್ಲಿಕನ್ನರಿಗೆ ಬೈಯಲು ಚೀಟಿ ಬೇಕಾಗಿಲ್ಲ. ಯಾರಿಗೇ ಆಗಲಿ ನನ್ನದು ಒಂದೇ ಉತ್ತರ: ನಿಮ್ಮ ಅಭಿಪ್ರಾಯ ಸಂಸದರಿಗೆ ತಲುಪಿಸುತ್ತೇನೆ. ಸಾಹೇಬರ ಈ ಊರಿನ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಇದೇ.

ಸ್ವಂತ ಅಭಿಪ್ರಾಯ ಬಾಯಿಗೆ ತರುವ ಹಾಗಿಲ್ಲ. ಮಗ ಬ್ರೆಂಟ್ ಬಾಗ್ದಾದ್ ಹತ್ತಿರ ಮಿಲಿಟರಿ ಗಾಡಿ ಓಡಿಸುತ್ತಿದ್ದಾನೆ ಅಂತಲೂ ಹೇಳುವ ಹಾಗಿಲ್ಲ. ಮ್ಯಾನೇಜರ್ ಪ್ರೆಸ್ಟನ್ ಎದುರು ಮೇಜಿನಲ್ಲೇ ಕೂತಿರುತ್ತಾನೆ. ವಾಷಿಂಗ್ಟನ್‌ನಿಂದ ಬಂದವನು. ಕಿವಿ ಚುರುಕು.

ಮಾರ್ಚ್ 21

ಫೋನೆತ್ತಿದರೆ ವರ್ಲಿನ್! ನನ್ನ ಗಂಡ. ಮನೆಯಲ್ಲಿ ಏನೋ ಸಿಗುತ್ತಿಲ್ಲ, ಕೇಳಲು ಮಾಡಿದ್ದಾನೆ ಅಂದುಕೊಂಡೆ.

"ಮೇಡಂ, ನನ್ನ ಹೆಸರು ವರ್ಲಿನ್ ಸ್ಟ್ರೌಡ್. ಮಿಲ್ ಸ್ಟ್ರೀಟ್. ಮೂವತ್ತು ವರ್ಷದಿಂದ ನಿಮ್ಮ ಪಾರ್ಟಿಗೇ ಓಟು ಹಾಕಿದೀನಿ. ನಮ್ಮ ಹುಡುಗ್ರನ್ನ ಮನೆಗೆ ಕರ್ಸಿ ಅಂತ ಸಾಹೇಬ್ರಿಗೆ ಹೇಳಿ. ಬರ್ಕೊಂಡ್ರಾ?"

ಮೇಡಂ ಅಂತೆ! ಪ್ರೆಸ್ಟನ್ ನೋಡುತ್ತಿದ್ದ. "ಸ್ಟ್ರೌಡ್... ಕೊನೇಲಿ ಡಿ ತಾನೇ ಸರ್?" ಅಂದೆ. ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಫೋನಿಟ್ಟ ಮೇಲೆ ಯಾಕೋ ನಗು ಬರಲಿಲ್ಲ.

ಸಂಜೆ ಮನೆಯಲ್ಲಿ ಆ ಮಾತೇ ಇಲ್ಲ. ಮೀಟ್‌ಲೋಫ್ ತಿಂದ, ಬಾಸ್ಕೆಟ್‌ಬಾಲ್ ನೋಡಿದ, ಮಲಗಿದ. ಆಫೀಸಿನ ವಿಷಯ ಮನೆಗೆ ತರಬಾರದು ಅನ್ನುವುದು ನಾನೇ ಮಾಡಿದ ಕಾನೂನು. ಅವನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಇಬ್ಬರ ಆರೋಗ್ಯ ವಿಮೆಯೂ ಈ ನೌಕರಿಯದೇ. ಬಿಡಲಿಕ್ಕಾಗುತ್ತದೆಯೇ?

ಮಾರ್ಚ್ 23, ಶುಕ್ರವಾರ

ಮಸೂದೆ ಪಾಸಾಯಿತು. ಸಾಹೇಬರು ವಿರುದ್ಧ ಓಟು ಹಾಕಿದರು, ಪಾರ್ಟಿಯ ಜೊತೆ. ಅಧ್ಯಕ್ಷರು ಹೇಗೂ ವೀಟೋ ಮಾಡಿ ತಳ್ಳಿಹಾಕುತ್ತಾರಂತೆ. ಆಮೇಲೆ ಅದನ್ನು ಮೀರಲು ಇನ್ನೊಂದು ಓಟು. ಅದಕ್ಕೆ ಮೂರರಲ್ಲಿ ಎರಡು ಪಾಲು ಬೇಕು. ಅಂದರೆ ನಮ್ಮ ಸಾಹೇಬರಂಥವರು ಮನಸ್ಸು ಬದಲಾಯಿಸಬೇಕು.

ವರ್ಲಿನ್ ಈಗ ದಿನಾ ಫೋನ್ ಮಾಡುತ್ತಾನೆ. ದಿನಾ ಮೇಡಂ.

ಏಪ್ರಿಲ್ 4

ಇದನ್ನು ಹೇಗೆ ಬರೆಯಲಿ...

"ಮೇಡಂ, ಇವತ್ತು ಇನ್ನೊಂದು ವಿಷ್ಯ ಸೇರಿಸ್ಕೊಳ್ಳಿ. ನಮ್ ಹುಡುಗನ ಮುಂದಿದ್ದ ಗಾಡಿ ಬಾಂಬಿಗೆ ಸಿಕ್ತು. ಅದ್ರಲ್ಲಿದ್ದೋರು ಯಾರೂ ಉಳೀಲಿಲ್ಲ. ಇವನಿಗೆ ಎಡಗಿವಿ ಕೇಳಿಸ್ತಿಲ್ಲ. ಆದ್ರೂ ಓಡಿಸ್ತಾನೇ ಇದಾನೆ. ಅಮ್ಮಂಗೆ ಹೇಳ್ಬೇಡ ಅಪ್ಪಾ ಅಂದ. ನಾನು ಹೇಳಿಲ್ಲ ಮೇಡಂ."

ಪ್ರೆಸ್ಟನ್ ಎದುರಿಗೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನಿಮ್ಮ ಅಭಿಪ್ರಾಯ ಸಂಸದರಿಗೆ ತಲುಪಿಸುತ್ತೇನೆ ಅಂದೆ. ಹೆತ್ತ ತಾಯಿ ನಾನು, ಹಾಗಂದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ರಾತ್ರಿ ಊಟಕ್ಕೆ ಕೂತಾಗ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದ. ಯಾವತ್ತೂ ಬಡಿಸುವವನಲ್ಲ.

ಏಪ್ರಿಲ್ 5

ಈಸ್ಟರ್ ರಜೆಗೆ ಸಾಹೇಬರು ಊರಿಗೆ ಬಂದಿದ್ದಾರೆ. ಕಾಫಿ ಒಯ್ದೆ. ಪ್ರೆಸ್ಟನ್ ಅಲ್ಲೇ ಇದ್ದ. ಧೈರ್ಯ ಮಾಡಿದೆ.

"ಸಾಹೇಬ್ರೇ, ಇಷ್ಟು ವರ್ಷದಲ್ಲಿ ನಾನೇನೂ ಕೇಳಿದವಳಲ್ಲ. ನಮ್ಮ ಬ್ರೆಂಟ್‌ಗೆ ಬಾಂಬಿನ ಸದ್ದಿಗೆ ಕಿವಿ ಹೋಗಿದೆ. ಮುಂದಿನ ಓಟಲ್ಲಿ..."

ಮುಗಿಸಲು ಬಿಡಲಿಲ್ಲ. ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾಗಿ ನೀರಿತ್ತು. "ಡಾರ್ಲೀನ್, ಬ್ರೆಂಟ್ ನನ್ನ ಮಗನ ಹಾಗೇ ಕಣಮ್ಮ. ಆದ್ರೆ ಇಷ್ಟೆಲ್ಲ ಅನುಭವಿಸಿದವನಿಗೆ ಸೋತು ಬಾ ಅನ್ನೋಕಾಗುತ್ತಾ? ತಾಯಿ ನೀನು, ನೀನೇ ಹೇಳು."

ತಲೆ ಅಲ್ಲಾಡಿಸಿದೆ. ಯಾವ ಕಡೆಗೆ ಅಲ್ಲಾಡಿಸಿದೆನೋ ದೇವರಿಗೇ ಗೊತ್ತು. "ನೋಡಯ್ಯಾ ಪ್ರೆಸ್ಟನ್, ತಾಯಿ ಅಂದ್ರೆ ಇವಳು!" ಅಂದರು. ಖಾಲಿ ಕಪ್ಪು ಎತ್ತಿಕೊಂಡು ಹೊರಗೆ ಬಂದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಏಪ್ರಿಲ್ 11

ಟಿವಿಯಲ್ಲಿ ಬಂತು. ಅಲ್ಲಿರುವ ಸೈನಿಕರಿಗೆಲ್ಲ ಹನ್ನೆರಡು ತಿಂಗಳಲ್ಲ, ಹದಿನೈದು. ಬ್ರೆಂಟ್ ಜೂನ್‌ನಲ್ಲಿ ಬರಬೇಕಿತ್ತು. ಇನ್ನು ಸೆಪ್ಟೆಂಬರ್.

ವರ್ಲಿನ್ ಎದ್ದು ಹೋಗಿ ಟ್ರಕ್ಕಿನ ಹಿಂದೆ ಅಂಟಿಸಿದ್ದ ವಿಟ್‌ಲಾಕ್ ಸ್ಟಿಕ್ಕರನ್ನು ಚಾಕುವಿನಲ್ಲಿ ಕೆರೆದ. ಅರ್ಧ ಬಂತು, ಅರ್ಧ ಅಲ್ಲೇ ಇದೆ.

ಏಪ್ರಿಲ್ 20

ಡೆಮಾಕ್ರಟ್ ಪಾರ್ಟಿಯವನೊಬ್ಬ ಮನೆಗೇ ಬಂದಿದ್ದನಂತೆ. ವರ್ಲಿನ್ ವೇದಿಕೆ ಹತ್ತಬೇಕಂತೆ, ಬ್ರೆಂಟ್ ಫೋಟೋ ಹಿಡಿದುಕೊಂಡು.

"ಫೋಟೋ ದೊಡ್ಡದು ಬೇಕಂತೆ ಕಣೇ. ಹುಡುಗನ್ನ ಯಾವಾಗ ಕರ್ಸ್ತೀರಪ್ಪಾ ಅಂದ್ರೆ, ಮುಂದಿನ ವರ್ಷ ಎಲೆಕ್ಷನ್ ಗೆಲ್ಲಿಸಿ ನೋಡಿ ಅಂತಾನೆ."

"ನೀನೇನಂದೆ?"

"ಗೇಟು ಹಾಕ್ಕೊಂಡು ಹೋಗು ಅಂದೆ."

ಮೇ 1

ವೀಟೋ. ನಾಳೆ ಓಟು. ದೇವರೇ, ಒಂದೇ ಒಂದು ಸಲ ಸಾಹೇಬರ ಮನಸ್ಸು ತಿರುಗಿಸು.

ಮೇ 3, ಗುರುವಾರ, ಸಂಜೆ

ನಿನ್ನೆ ಮಸೂದೆ ಬಿದ್ದುಹೋಯಿತು. ಸಾಹೇಬರು ಮತ್ತೆ ಪಾರ್ಟಿಯ ಜೊತೆಗೇ.

ಫೋನ್ ಮಾಡಿದವರಿಗೆಲ್ಲ ಓದಿ ಹೇಳಬೇಕಾದ ಹೇಳಿಕೆ ಬೆಳಿಗ್ಗೆ ಮೇಜಿನ ಮೇಲಿತ್ತು. ಎರಡನೇ ಪ್ಯಾರಾ: "ನನ್ನ ಕಚೇರಿಯಲ್ಲೇ ಒಬ್ಬ ತಾಯಿ ಇದ್ದಾಳೆ. ಅವಳ ಮಗ ಗಾಯಗೊಂಡೂ ಇರಾಕಿನಲ್ಲಿ ಹೋರಾಡುತ್ತಿದ್ದಾನೆ. ಅವನನ್ನು ಸೋಲಿನೊಂದಿಗೆ ಮನೆಗೆ ಕರೆತರಬೇಡಿ ಎಂದು ಆಕೆ ನನ್ನನ್ನು ಬೇಡಿಕೊಂಡಳು."

"ಪ್ರೆಸ್ಟನ್, ನಾನು ಹೀಗಂದಿಲ್ಲ."

"ಹೆಸ್ರು ಹಾಕಿಲ್ವಲ್ಲ ಡಾರ್ಲೀನ್. ಪೇಪರಿನವರಿಗೂ ಹೋಗಿಬಿಟ್ಟಿದೆ. ಲೈನ್ ಎರಡು ಹೊಡ್ಕೋತಿದೆ, ಎತ್ತಿ."

ಎತ್ತಿದೆ. ಓದಿದೆ. ಆ ತಾಯಿಗೆ ದೇವರು ಒಳ್ಳೇದು ಮಾಡಲಿ ಅಂತ ಒಬ್ಬಳು ಅತ್ತಳು. ಅವಳೂ ಒಬ್ಬ ತಾಯಿಯಾ, ಥೂ ಅಂತ ಇನ್ನೊಬ್ಬಳು. ಇಬ್ಬರಿಗೂ ತಲುಪಿಸುತ್ತೇನೆ ಅಂದೆ.

ಊಟದ ಹೊತ್ತಿಗೆ ವರ್ಲಿನ್. "ಸಾಹೇಬ್ರು ಏನಂತಾರೆ, ಓದಿ ಮೇಡಂ."

ಓದಿದೆ.

"ಇನ್ನೊಂದ್ಸಲ ಓದಿ."

ಓದಿದೆ.

"ಆ ತಾಯಿ ಹಂಗಂದ್ಲಾ ಮೇಡಂ?"

ಪ್ರೆಸ್ಟನ್ ತಲೆಯೆತ್ತಿದ.

"ನಿಮ್ಮ ಅಭಿಪ್ರಾಯ ಸಂಸದರಿಗೆ..."

"ಅಭಿಪ್ರಾಯ ಅಲ್ಲ. ಕೇಳ್ತಿದೀನಿ."

"...ತಲುಪಿಸ್ತೀನಿ ಸರ್."

ಇಟ್ಟುಬಿಟ್ಟ.

ಮನೆಗೆ ಬಂದಾಗ ಟ್ರಕ್ಕಿನೊಳಗೆ ಕೂತಿದ್ದ, ಎಂಜಿನ್ ಆರಿಸಿಕೊಂಡು. ಕಿಟಕಿ ತಟ್ಟಿದೆ, ತಿರುಗಿ ನೋಡಲಿಲ್ಲ. ಸೂಪು ಎರಡು ಸಲ ಬಿಸಿ ಮಾಡಿದೆ. ಕತ್ತಲಾದ ಮೇಲೆ ಒಳಗೆ ಬಂದ. ಅಡುಗೆಮನೆ ಬಾಗಿಲಲ್ಲಿ ನಿಂತು, "ನನಗೆ ಹಸಿವಿಲ್ಲ ಮೇಡಂ" ಅಂದು ಮೇಲೆ ಹೋದ. ಮನೆಯಲ್ಲಿ. ನನಗೆ.

ಈಗ ಬ್ರೆಂಟ್‌ನ ರೂಮಿನಲ್ಲಿ ಅವನು ಓಡಾಡುವುದು ಕೇಳಿಸುತ್ತಿದೆ. ಹೋಗಿ ಹೇಳಲೇಬೇಕು. ಇಲ್ಲಿ ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಬಾಯಿ ಕಟ್ಟುತ್ತದೆ. ವರ್ಲಿನ್, ಅವತ್ತು ನಾನು ಸಾಹೇಬರ ಹತ್ತಿರ ಹೋಗಿದ್ದೇ ನಮ್ಮ ಹುಡುಗನನ್ನು ಮನೆಗೆ ಕರೆಸಿ ಅಂತ ಕೇಳಲು.