ಸೇತುವೆಯಡಿ ಎರಡು ಬೆರಳು

ಡೈನ್ಜೆ, ಲೇಯ ನದಿಯ ದಡ
ಅಕ್ಟೋಬರ್ 12, ಭಾನುವಾರ

ಪ್ರೀತಿಯ ಫಿರ್ಮಿನ್,

ಸೊಂಟ ಹೇಗಿದೆ? ಹೊಸ ಕೀಲಿನ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದೀಯೋ, ಇಲ್ಲ ಆಸ್ಪತ್ರೆಯ ಸೂಪು ಬರೀ ನೀರು ಎಂದು ಗೊಣಗುತ್ತಾ ಮಲಗಿಯೇ ಇದ್ದೀಯೋ? ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದ ಅರ್ಧಕ್ಕೆ ನರ್ಸಮ್ಮನ ಮೇಲೆ ರೇಗುತ್ತೀಯ. ಅದಕ್ಕೇ ಈ ಕಾಗದ. ನಾನೂ ಮಗಳು ಹಿಲ್ಡೆಯೂ ಚೆನ್ನಾಗಿದ್ದೇವೆ. ಬೆಕ್ಕು ನಿನ್ನ ಕುರ್ಚಿಯನ್ನು ವಶಪಡಿಸಿಕೊಂಡಿದೆ.

ಈಗ ಬಿಸ್ಕತ್ತಿನ ಸಮಾಚಾರ. ಆಸ್ಪತ್ರೆಗೆ ಹೊರಟ ದಿನ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ಇದೊಂದು ಸುತ್ತು ನೋಡೋಣ ಲೀವ್. ಲಾರಿ ಬಿಟ್ಟು ನಮ್ಮ ಸುಜಾನಾ ಬಾರ್ಜಲ್ಲೇ ಮಾಲು ಕಳಿಸ್ತೀನಿ ಅಂತ ಫ್ಯಾಕ್ಟರಿಯವ್ನು ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಸುಜಾನಾನ ಗುಜರಿಯವ್ನಿಗೆ ಕೊಟ್ಬಿಡೋಣ." ಗುಜರಿಯವನಿಗೆ ಮಾತು ಕೊಟ್ಟೇ ಹೋದೆ. ಹಿಲ್ಡೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ನಡೆಯಲು ಕಲಿತದ್ದು ಈ ಸರಕು ದೋಣಿಯ ಮೇಲೆ. ನನಗೆ ನೆಲದ ಮೇಲಿನ ಮನೆಯಲ್ಲಿ ಇಂದಿಗೂ ನಿದ್ದೆ ಬರುವುದಿಲ್ಲ. ಆದರೂ ನಾನು ಹೂಂ ಅಂದಿದ್ದೆ.

ಶುಕ್ರವಾರ ಪೆಟ್ಟಿಗೆ ತುಂಬಿಸುವಾಗ ನೀನು ಫೋನಿನಲ್ಲಿ ಕೂಗಿದ್ದೊಂದೇ ಮಾತು, "ತಳ ತಾಗಲ್ವಾ? ನೀರೆಷ್ಟಿದೆ?" ನಾನೂ ಕೋಲಿನಲ್ಲಿ ನೀರಿನ ಆಳವನ್ನೇ ನೋಡುತ್ತಿದ್ದೆ. ಬದುಕೆಲ್ಲ ಮರಳು, ಜಲ್ಲಿ ಹೊತ್ತವರು ನಾವು, ಭಯವೆಲ್ಲ ಕೆಳಗೆ. ತಲೆ ಎತ್ತಿ ಯಾರು ನೋಡಿದರು? ಬಿಸ್ಕತ್ತಿಗೆ ಭಾರವೆಲ್ಲಿದೆ ಹೇಳು! ಸುಜಾನಾ ಬಾತುಕೋಳಿಯ ಹಾಗೆ ನೀರಿನ ಮೇಲೆಯೇ ಕೂತಳು, ಪೆಟ್ಟಿಗೆಗಳ ಅಡಕಲು ಅದಕ್ಕೂ ಮೇಲೆ. ಚರ್ಚಿನ ಹಿಂದಿನ ಹಳೇ ಸೇತುವೆಗೆ ಬಂದಾಗ ಹಿಲ್ಡೆ ಕಿರುಚಿದಳು, "ಅಮ್ಮಾ, ನಿಲ್ಸು! ತಾಗತ್ತೆ!" ಅಡಕಲು ಸೇತುವೆಗಿಂತ ಎತ್ತರವಿತ್ತು. ಚುಕ್ಕಾಣಿ ಕೋಣೆಯನ್ನು ಮಡಚಿದೆವು, ಸುಜಾನಾ ತಗ್ಗಲೆಂದು ಮುಂದಿನ ತೊಟ್ಟಿಗೂ ಕುಡಿಯುವ ನೀರಿನ ತೊಟ್ಟಿಗೂ ನದಿಯ ನೀರು ತುಂಬಿದೆವು. ಆಮೇಲೂ ಎರಡು ಬೆರಳಿನಷ್ಟು ಹೆಚ್ಚು ಉಳಿಯಿತು. ಪ್ಲಾಸ್ಟಿಕ್ ಸುತ್ತಿದ ಆ ಅಡಕಲುಗಳು ಕ್ರೇನಿಲ್ಲದೆ ಇಳಿಯುವಂಥವಲ್ಲ.

ಸೇತುವೆಯ ಪಕ್ಕದ ಆಲೂಗಡ್ಡೆ ಫ್ರೈ ಅಂಗಡಿಯಲ್ಲಿ ಲಾರಿಯವರ ಗುಂಪೇ ನಿಂತಿತ್ತು. ಈವರೆಗೆ ಬಿಸ್ಕತ್ತು ಹೊತ್ತವರು ಅವರೇ. ದಪ್ಪ ಗಾಸ್ಟನ್ ಕಂಬಿಗೆ ಒರಗಿ, "ಏನಜ್ಜೀ, ಸೇತುವೇನ ಸ್ವಲ್ಪ ಮೇಲೆತ್ತಿ ಹಿಡೀಲಾ?" ಅಂದ. ನಗೆಯೋ ನಗೆ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಸೇತುವೆ ಬಿಡೋ, ನಿನ್ನ ಹೊಟ್ಟೇನ ಇಳಿಸ್ಕೊಂಡು ಬಾ, ಅದೇ ಭಾರ ಸಾಕು!" ಅಂದೆ.

ಹಾಗೆಂದದ್ದೇ ನಾನೂ ಹಿಲ್ಡೆಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಭಾರ! ಜನರ ಭಾರ!

ನಾವು ಕರೆದದ್ದೇ ತಡ, ಗಾಸ್ಟನ್ ತನ್ನ ಫ್ರೈ ಪೊಟ್ಟಣ ಹಿಡಿದೇ ಇಳಿದುಬಂದ. "ಸೋತೋರ್ನ ನೋಡಿ ನಗೋದು ಸುಲಭ, ಬನ್ರೋ," ಎಂದು ಉಳಿದವರನ್ನೂ ಕರೆದ. ಎದುರಿನ ಕಾಫಿ ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಊರಿನ ಬ್ಯಾಂಡಿನವರು ತುತ್ತೂರಿ, ಡೋಲು ಸಮೇತ ಹತ್ತಿದರು. ಫ್ರೈ ಅಂಗಡಿಯವಳು ಬಾಣಲೆ ಆರಿಸಿ ಬಂದಳು. ಪಾದ್ರಿಗಳೂ ಬಂದರು, ಅವರೂ ಒಳ್ಳೇ ಮೈಕಟ್ಟಿನವರಲ್ಲವೇ. ಹಿಲ್ಡೆ ಥೇಟ್ ನಿನ್ನ ದನಿಯಲ್ಲೇ ಗದರಿದಳು: "ಅರ್ಧ ಜನ ಮುಂದಕ್ಕೆ, ಅರ್ಧ ಹಿಂದಕ್ಕೆ! ಪಾದ್ರಿಗಳೇ, ನೀವೂ ಕೂತ್ಕೊಳ್ಳಿ!" ಸುಜಾನಾ ಮೆಲ್ಲಗೆ ಕುಸಿದಳು. ಸೇತುವೆಯ ಕೆಳಗೆ ಎಲ್ಲರೂ ತಲೆ ತಗ್ಗಿಸಿ ಕೂತರು. ಮೇಲಿನ ಪ್ಲಾಸ್ಟಿಕ್ ಸೇತುವೆಯ ತುಕ್ಕಿಗೆ ಸವರಿ ಸರಸರ ಸದ್ದು ಮಾಡಿತು. ಆಚೆ ಬೆಳಕು ಕಂಡದ್ದೇ ಬ್ಯಾಂಡು ಹೊಡೆಯಿತು ನೋಡು, ಫಿರ್ಮಿನ್! ಯಾರೂ ಇಳಿಯಲೇ ಇಲ್ಲ. ಮಾಲು ಇಳಿಸುವ ಕಟ್ಟೆಯವರೆಗೂ ವಾದ್ಯದೊಂದಿಗೆ ಬಂದೆವು, ಮದುವೆ ದಿಬ್ಬಣದ ಹಾಗೆ.

ಕಟ್ಟೆಯಲ್ಲಿ ಫ್ಯಾಕ್ಟರಿ ಮಾಲೀಕ ಬಾಯಿ ತೆರೆದು ನಿಂತಿದ್ದ. ಅವನು ಕಳಿಸಿದ ಬೇರೆ ಲಾರಿಗಳಿನ್ನೂ ಹೆದ್ದಾರಿಯಲ್ಲೇ ಸಿಕ್ಕಿಕೊಂಡಿದ್ದವು. ಪೆಟ್ಟಿಗೆ ತೆರೆಸಿದ. ಒಂದು ಬಿಸ್ಕತ್ತೂ ಮುರಿದಿರಲಿಲ್ಲ. "ಪ್ರತಿ ವಾರ ಬನ್ನಿ ಮೇಡಂ. ಮುಂದಿನ ಸಲದಿಂದ ಭಾರಕ್ಕೆ ಅಂತ ತಳದಲ್ಲಿ ಸಕ್ಕರೆ ಪಾಕದ ಪೀಪಾಯಿಗಳನ್ನೂ ಹಾಕ್ತೀವಿ," ಎಂದ. ಕಟ್ಟೆಯಿಂದ ಅಂಗಡಿಗಳಿಗೆ ಸಾಗಿಸುವ ಕೆಲಸ ಗಾಸ್ಟನ್‌ನ ಗುಂಪಿಗೆ. "ಇನ್ಮೇಲೆ ದೂರದ ಓಟ ಇಲ್ಲ, ದಿನಾ ಸಂಜೆ ಮನೇಲಿ ಬಿಸಿ ಸೂಪು ಸಿಗತ್ತೆ, ಅಜ್ಜೀ," ಎಂದು ನನ್ನ ಕೆನ್ನೆಗೆ ಮುತ್ತಿಟ್ಟ. ಹೊಟ್ಟೆಕಿಚ್ಚು ಪಡಬೇಡ.

ಗೊಣಗದೆ ಔಷಧಿ ತಗೋ. ನದಿ ನಿನ್ನನ್ನು ಕಾಯಲಿ.

ನಿನ್ನ,
ಗೋಡೆಲೀವ್

ತಾ.ಕ.: ಗುಜರಿಯವನು ಬೆಳಿಗ್ಗೆ ಬಂದಿದ್ದ. ನೀನು ಕೊಟ್ಟ ಮಾತನ್ನು ನಿನ್ನನ್ನು ಕೇಳದೆ ನಾನೇ ವಾಪಸು ಪಡೆದೆ, ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಕಳಿಸಿದೆ. ಬೇಗ ನಡೆಯಲು ಕಲಿ. ಹಿಲ್ಡೆ ನಿನಗಾಗಿ ತನ್ನ ಹಳೇ ಹಗ್ಗ ಹುಡುಕಿಟ್ಟಿದ್ದಾಳೆ.