ಹೆಸರು ಹಿಡಿದು ಕರೆಯದ ಊರಿನಿಂದ

ಗೋಜೆ ದ್ವೀಪ
ಮಾರ್ಚ್ ೯

ಮುದ್ದಿನ ಇನ್‌ಹ್ಯೆ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ನಿನ್ನ ಪತ್ರ ತಲೆಗೆ ಹತ್ತುವುದಕ್ಕೆ ಇಷ್ಟು ದಿನ ಹಿಡಿಯಿತು. ಅಂಗಡಿ ಬೋರ್ಡುಗಳನ್ನು ನೋಡಿ ಓದು ಕಲಿತವಳಲ್ಲವೇ ನಾನು.

ಹಡಗು ಕಟ್ಟುವ ವಿದ್ಯೆ ಕಲಿಯಲು ನಾರ್ವೆಗೆ ಹೋದವಳು ಅರ್ಧಕ್ಕೇ ಬಿಟ್ಟು ಬರುತ್ತೇನೆ ಎಂದಿದ್ದೀಯ. ಆ ಉದ್ದನೆಯ ನೀರಿನ ತೊಟ್ಟಿಯಲ್ಲಿ ನಿಮ್ಮ ತಂಡದ ಪುಟ್ಟ ಮಾದರಿ ಹಡಗು ಓಡುತ್ತಿತ್ತು. ಅದನ್ನು ಎಳೆಯುವ ಯಂತ್ರದ ಹಿಡಿಕೆಯ ತಿರುಪು ಸಡಿಲವಾದದ್ದು ನಿನಗೊಬ್ಬಳಿಗೇ ಕಂಡಿತು. ಯಂತ್ರ ನಿಲ್ಲಿಸಬೇಕಾದ ಮೇಷ್ಟ್ರು ಆಚೆ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದರು. 'ಪ್ರೊಫೆಸರ್ ಅಂದ್ರೆ ನಾನು ತಿರುಗಿಯೂ ನೋಡಲ್ಲ, ನಾನು ಬರೀ ಐನಾರ್' ಎಂದು ಅವರು ಮೊದಲ ದಿನವೇ ನಗಾಡಿದ್ದರಂತೆ. ಅಪ್ಪನ ವಯಸ್ಸಿನವರ ಹೆಸರು ನಿನ್ನ ಬಾಯಿಗೆ ಬರಲಿಲ್ಲ. ಎದುರಿಗೆ ಹೋಗಿ ನಿಂತು ಹೇಳೋಣವೆಂದು ತೊಟ್ಟಿಯ ಸುತ್ತ ಓಡಿದೆ. ನೀನು ತಲುಪುವಷ್ಟರಲ್ಲಿ ಹಡಗು ಗೋಡೆಗೆ ಬಡಿದು ಸೀಳಿಹೋಗಿತ್ತು. 'ಅಲ್ಲಿಂದಲೇ ಕೂಗೋಕೇನಾಗಿತ್ತು?' ಎಂದು ಜೊತೆಯವರು ಕೇಳಿದರೆ ತಪ್ಪಾಯ್ತು ಎಂದು ಹೇಳಿ ಬಂದೆ. ಈಗ ತಿಂಗಳ ಕೊನೆಗೆ ತಂಡದ ಸಭೆಯಲ್ಲಿ ಎಲ್ಲರೆದುರು ಉತ್ತರ ಹೇಳಬೇಕಾಗಿದೆ.

ನಮ್ಮ ಸಾರಿನಂಗಡಿಗೆ ದಿನಾ ಬರುವ ಪ್ಯೋ ಮೇಸ್ತ್ರಿಗೆ ಇದನ್ನು ಓದಿ ಹೇಳಿದೆ. ಹಡಗು ಕಟ್ಟುವ ಇಲ್ಲಿನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿ ಹಾಕಿ ಮುದುಕನಾದವನು.

"ಮೇಷ್ಟ್ರನ್ನ ಹೆಸರು ಹಿಡ್ದು ಕರೀಬೇಕಾ? ಹಡಗೇ ಮುಳುಗಿದ್ರೂ ನನ್ ಕೈಲಾಗಲ್ಲ ಅತ್ತಿಗೆ."

"ಒಳಗಿದ್ದೋರ ಗತಿ ಏನು ಮತ್ತೆ?"

"ಸಾರು ಹಾಕಿ, ಆರ್ತಾ ಇದೆ" ಎಂದು ಬಟ್ಟಲು ಮುಂದೆ ತಳ್ಳಿದ.

ಅದೇ ನಾರ್ವೆಯಿಂದ ಹಿಂದೊಮ್ಮೆ ತೂರ್ಮೂದ್ ಎಂಬ ಇಂಜಿನಿಯರ್ ಇಲ್ಲಿಗೆ ಬಂದಿದ್ದ. ಒಂದು ಮಧ್ಯಾಹ್ನ ನಮ್ಮ ಅಂಗಡಿ ತುಂಬಾ ಕೆಲಸಗಾರರು ಕೂತಿದ್ದಾಗ ಹಡಗುಕಟ್ಟೆಯ ನಿರ್ದೇಶಕರನ್ನೇ "ಗ್ವಾಂಗ್‌ಸೂ, ಇಲ್ಲಿ ಬಾ!" ಎಂದುಬಿಟ್ಟ. ಚಮಚಗಳೆಲ್ಲ ಬಟ್ಟಲಲ್ಲೇ ನಿಂತವು. ಆಮೇಲೆ ಅವನು ಕೇಳಿದ ನಕ್ಷೆ ಯಾವುದೂ ಹೊತ್ತಿಗೆ ಸರಿಯಾಗಿ ಅವನ ಮೇಜಿಗೆ ಬರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಹೇಳಿಕೊಡಲೂ ಇಲ್ಲ. ಕೊನೆಗೆ ಪ್ಯೋ ಮೇಸ್ತ್ರಿಯೇ, "ಸಾಹೇಬ್ರೇ, ಇಲ್ಲಿ ಹೆಸರು ಇರೋದು ಸಮಾಧಿ ಕಲ್ಲಿನ ಮೇಲೆ ಬರ್ಯೋಕೆ. ಬದುಕಿರೋರನ್ನ ಹುದ್ದೆ ಹೇಳಿ ಕರೀರಿ" ಎಂದ. ಪಾಪ, ಅಂದಿನಿಂದ ನಮ್ಮ ನಾಯಿಗೂ 'ಮೇಸ್ತ್ರಿಗಳೇ' ಅನ್ನುತ್ತಿದ್ದ. ನಕ್ಷೆಗಳು ತಾವಾಗಿ ಬರತೊಡಗಿದವು.

ಅವನು ದುರಹಂಕಾರಿಯಾಗಿರಲಿಲ್ಲ ಮಗಳೇ. ನೀನೂ ದಡ್ಡಿಯಲ್ಲ. ಅವನು ಅವನ ಮನೆಯಲ್ಲಿ ಕಲಿತದ್ದನ್ನು ಮಾಡಿದ, ನೀನು ನಮ್ಮ ಮನೆಯಲ್ಲಿ ಕಲಿತದ್ದನ್ನು ಮಾಡಿದೆ. ನೀನು ಯಾಕೆ ಓಡಿದೆ ಎಂಬುದು ನಿನ್ನ ಜೊತೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಹೆದರುಪುಕ್ಕಲಿ ಎಂದುಕೊಂಡಿರಬೇಕು. ಸಭೆಯಲ್ಲಿ ಬರೀ ತಪ್ಪಾಯ್ತು ಎಂದು ಕೂತುಬಿಡಬೇಡ. ನಮ್ಮಲ್ಲಿ ಹೀಗೆ, ಅದಕ್ಕೇ ಓಡಿದೆ, ಇನ್ನು ಮೇಲೆ ಕೂಗುತ್ತೇನೆ ಎನ್ನು. ಬಾಯಿ ಬಾರದಿದ್ದರೆ ಬಾರಿಸಲು ಒಂದು ಗಂಟೆ ಕಟ್ಟಿಸಿ ಎಂದೂ ಕೇಳು. ನಿನ್ನಂಥವರು ಇನ್ನೂ ಬರುತ್ತಾರೆ.

ನಾನೂ ಅಡುಗೆಮನೆಯಲ್ಲಿ ಒಬ್ಬಳೇ "ಐನಾರ್, ನಿಲ್ಲಿಸು!" ಎಂದು ಕೂಗಿ ನೋಡಿದೆ. ಕಿವಿಯೆಲ್ಲ ಬಿಸಿಯಾಯಿತು. ಆದರೆ ಮೂರನೆಯ ಸಲಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ.

ಒಣಮೀನು, ಕಡಲಪಾಚಿ ಕಳಿಸಿದ್ದೇನೆ. ಜೊತೆಯವರಿಗೂ ಕೊಡು. ವಾಸನೆ ಎಂದರೆ ಬಲವಂತ ಮಾಡಬೇಡ. ನಿನ್ನ ಕೈ ಮುಟ್ಟಿದ ಹಡಗುಗಳೆಲ್ಲ ದಡ ಸೇರಲಿ. ನಿನ್ನ ದನಿಗೆ ಬಲ ಬರಲಿ.

ನಿನ್ನ ಅಜ್ಜಿ

ಮತ್ತೆ: ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ನಿನ್ನ ತಾತ ಆಸ್ಪತ್ರೆಯಲ್ಲಿದ್ದಾಗ ನರ್ಸು ನನ್ನನ್ನು ತೋರಿಸಿ, "ತಾತಾ, ಇವರ್ಯಾರು ಗೊತ್ತಾ?" ಎಂದಳು. "ಸಾಂಗ್‌ಚೋಲ್‌ನ ಅಮ್ಮ" ಎಂದರು, ನಿನ್ನ ಅಪ್ಪನ ಹೆಸರು ಹೇಳಿ. ಮದುವೆಯಾದಾಗಿನಿಂದ ಮಗ ಹುಟ್ಟುವವರೆಗೆ ಅವರು ನನ್ನನ್ನು ಕರೆದದ್ದು 'ಇಲ್ನೋಡು' ಎಂದು, ಆಮೇಲೆ ಹೀಗೆ. "ಅಲ್ಲ ತಾತಾ, ಅವರ ಹೆಸರೇನು?" ಎಂದು ಅವಳು ಕೇಳಿದಳು. ಅವರು, ಹೇಳಿಕೊಡು ಎನ್ನುವ ಹಾಗೆ ನನ್ನ ಮುಖ ನೋಡಿದರು. ಮಾಲ್‌ಸುನ್ ಎಂದು ನಾನೇ ಹೇಳಿದೆ. ನೀನು ಬಿಟ್ಟು ಬರಬೇಡ, ಅಲ್ಲೇ ಇರು. ಹೋಗಿ ನಿನ್ನ ಮೇಷ್ಟ್ರನ್ನು ಹೆಸರು ಹಿಡಿದು ಕರೆ.